ಕೆಂಪು ದೀಪ ಹತ್ತಿತು, ಆಯಿ ಹೋದಳು

ಬಾಳವ್ವನಿಗೆ ಒಬ್ಬನೇ ಮಗ, ಅಡಿವೆಪ್ಪ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಳಕಾಲಿಗೂ ಬಂದಿರಲಿಲ್ಲ! ಬಾಳವ್ವ ಹಗಲೆಲ್ಲ ಖಾನಾವಳಿಯಲ್ಲಿ ರೊಟ್ಟಿ ಬಡಿಯಬೇಕು. ಮನೆಯಲ್ಲಿ ಮುದಿ ಅತ್ತೆ, ಆಗಾಗ ಬೀಳುವವಳು. ಬಿದ್ದರೆ ಎತ್ತುವವರು ಯಾರು? ಅದಕ್ಕೇ ಆಸ್ಪತ್ರೆಯ ನರ್ಸಬಾಯಿ ಕೋಣೆಯ ಗೋಡೆಗೆ ಒಂದು ಪೆಟ್ಟಿಗೆ ಹಚ್ಚಿ ಹೋದಳು. ಅದರ ರೇಡಿಯೋ ಅಲೆ ಕೋಣೆ ತುಂಬ ಹಬ್ಬುತ್ತದೆ, ಯಾರಾದರೂ ಮಿಸುಕಿದರೆ ಕದಡುತ್ತದೆ. ಕದಡಿದರೆ ಹಸಿರು ದೀಪ. ಬಹಳ ಹೊತ್ತು ಯಾರೂ ಮಿಸುಕದಿದ್ದರೆ ಕೆಂಪು ದೀಪ, ಒದರಾಟ.

“ಪೆಟ್ಟಿಗಿ ಒದರಿದ್ರ ಖಾನಾವಳಿಗೆ ಓಡಿ ಬಾ. ಒದರಲಿಲ್ಲಂದ್ರ ಸುಮ್ಮನ ಕುಂದ್ರು!” ಅಂದಳು ಬಾಳವ್ವ ಮಗನಿಗೆ.

ಸಂಜೆ ಬಂದು ನೋಡಿದರೆ ಮುದುಕಿ ನೆಲದ ಮೇಲೆ ನರಳುತ್ತ ಹೊರಳಾಡುತ್ತಿದ್ದಾಳೆ!

“ಲೇ ಖೋಡಿ! ಆಯಿ ಬಿದ್ದಾಳ, ಕಾಣ್ಸಂಗಿಲ್ಲೇನು?”

“ಹೊರಳಾಡಾಕತ್ತಿದ್ಲಬೇ! ಹಸಿರು ದೀಪ ಇತ್ತು. ಪೆಟ್ಟಿಗಿ ಒದರಲಿಲ್ಲ, ನಾ ಸುಮ್ಮನ ಕುಂತೆ.”

ಬಾಳವ್ವನ ಮೈ ಉರಿಯಿತು. “ಪೆಟ್ಟಿಗಿ ಸುಡ್ಲಿ! ಆಯಿ ಒದರಿದ್ರ ಓಡಿ ಬಾ!”

ಮೂರನೇ ದಿನ ಮುದುಕಿ ತಲೆ ಸುತ್ತಿ ಬಿದ್ದು ಎಚ್ಚರ ತಪ್ಪಿದಳು. ಪೆಟ್ಟಿಗೆ ಒದರಿತು, ಒದರಿಯೇ ಒದರಿತು. ಅಡಿವೆಪ್ಪ ಹೊರಗೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತ. ಬಾಳವ್ವ ಬಂದು ನೀರು ಚಿಮುಕಿಸಿ ಎಬ್ಬಿಸಬೇಕಾಯಿತು.

“ಆಯಿ ಒದರಲಿಲ್ಲಬೇ! ಪೆಟ್ಟಿಗಿ ಒದರ್ತು!”

ಕಪಾಳಕ್ಕೊಂದು ಬಿತ್ತು. “ಇನ್ನ ನಿನ್ನ ಕಣ್ಣೂ ಬ್ಯಾಡ, ಕಿವೀನೂ ಬ್ಯಾಡ! ಪೆಟ್ಟಿಗಿ ಮಾತೇ ಖರೆ! ಕೆಂಪು ದೀಪ ಹತ್ತಿದ್ರ ಆಯಿ ಹೋದ್ಲಂತ ತಿಳಿ, ಓಣಿ ಮಂದೀನ್ನೆಲ್ಲ ಕರಿ!”

ಒಂದು ಮುಂಜಾನೆ ಮುದುಕಿ ಕೋಲೂರಿಕೊಂಡು ಅಂಗಳಕ್ಕೆ ಹೋಗಿ ಬಿಸಿಲು ಕಾಯಿಸುತ್ತ ಕೂತಳು. ಕೋಣೆ ಖಾಲಿ. ಕೆಂಪು ದೀಪ ಹತ್ತಿತು!

ಅಡಿವೆಪ್ಪ ಓಣಿಗೆಲ್ಲ ಸುದ್ದಿ ಮುಟ್ಟಿಸಿದ, ಖಾನಾವಳಿಗೂ ಹೇಳಿ ಕಳಿಸಿದ. ಬಾಳವ್ವ ಹಿಟ್ಟುಗೈಯಲ್ಲೇ ಎದೆ ಬಡಿದುಕೊಂಡು ಓಡಿ ಬಂದಳು. ಬಂದು ನೋಡುತ್ತಾಳೆ, ಅಂಗಳದ ಗೋಡೆಗೆ ಹೆಣದಂತೆ ಒರಗಿಸಿ ಕೂರಿಸಿದ ಅತ್ತೆ! ಹಣೆತುಂಬ ವಿಭೂತಿ, ಕೊರಳಲ್ಲಿ ಹಾರ, ಎದುರಿಗೆ ಭಜನೆಯವರು!

“ಜೀವಂತ ಅದೀನಲೋ ಹಾಟ್ಯಾ!” ಅಂತ ಚೀರುತ್ತಿದ್ದಾಳೆ ಮುದುಕಿ.

“ಸುಮ್ಮನಿರು ಆಯಿ! ಪೆಟ್ಟಿಗಿ ಮಾತೇ ಖರೆ!”

ದಾರಿಯುದ್ದಕ್ಕೂ ಅತ್ತ ಅಳುವೆಲ್ಲ ಬಾಳವ್ವನಿಗೆ ಸಿಟ್ಟಾಯಿತು. ಮಗನ ಕಿವಿ ಹಿಡಿದು ಕೋಣೆಗೆ ಎಳೆದಳು, ಕಸಬರಿಗೆ ತಗೊಂಡಳು, ಬಾರಿಸಿದಳು, ಮತ್ತೂ ಬಾರಿಸಿದಳು. ಗೋಡೆಯ ಮೇಲೆ ಪಕ್ಕನೆ ಹಸಿರು ದೀಪ ಹತ್ತಿತು.

ಅಡಿವೆಪ್ಪ ಕುಣಿದಾಡಿಬಿಟ್ಟ. “ಹೊಡಿಯಬೇ, ಹೊಡಿ! ನಿಲ್ಲಸಬ್ಯಾಡ! ಆಯಿಗೆ ಜೀವ ಬರಾಕತ್ತೈತಿ!”