ಏಳನೆಯ ಹೊಸ್ತಿಲು

ಹೂಂ ಅನ್ನುವವರು ಒಬ್ಬರಿದ್ದರೂ ಸಾಕು, ಹೇಳುತ್ತೇನೆ.

ಭರಮ್ಯಾ ಅಂತ ಒಬ್ಬನಿದ್ದ. ವಯಸ್ಸು ಮೂವತ್ತೈದು, ಬುದ್ಧಿ ಐದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ರೋಗ. ತಾಯಿ ನಿಂಬವ್ವನಿಗೆ ಒಂದೇ ಚಿಂತೆ: ತಾನು ಹೋದಮೇಲೆ ಇವನಿಗೆ ಉಣ್ಣಲು ಇಕ್ಕುವವರು ಯಾರು?

ಅವರ ಹಳೇ ಊರು ಬೂದಿಹೊಳೆ, ಅಣೆಕಟ್ಟಿನ ನೀರಲ್ಲಿ ಮುಳುಗಿತ್ತು. ಜನ ಬಾಗಿಲು, ತೊಲೆ ಕಿತ್ತುಕೊಂಡು ದಿಬ್ಬದ ಮೇಲೆ ಹೊಸ ಊರು ಮಾಡಿಕೊಂಡರು. ಬೇಸಿಗೆಯಲ್ಲಿ ನೀರು ಇಳಿದಾಗ ಹೊಸ್ತಿಲುಗಳಷ್ಟೇ ಮೇಲೆ ಬರುತ್ತಿದ್ದವು.

ಅಲ್ಲಿಗೆ ಎರಡು ವಿಶ್ವವಿದ್ಯಾಲಯಗಳು ಕೂಡಿ ಬಂದವು, ಒಂದು ನಮ್ಮದು, ಒಂದು ಪೋರ್ಚುಗಲ್ಲಿನದು. ಪ್ರವಾಸೋದ್ಯಮ ಕಲಿಸುವ ಹನ್ನೆರಡು ಮಾಸ್ತರರಿಗೆ ತರಬೇತಿ. ಊರಿಗೆ ನೋವಾಗದ ಹಾಗೆ ಊರು ತೋರಿಸುವುದು ಹೇಗೆ, ಇಲ್ಲದ ಊರನ್ನು ಕಂಪ್ಯೂಟರಿನಲ್ಲಿ ಎಬ್ಬಿಸುವುದು ಹೇಗೆ. ನಿಂಬವ್ವ ಅವರಿಗೆ ರೊಟ್ಟಿ ಬಡಿದಳು, ಭರಮ್ಯಾ ದಾರಿ ತೋರಿಸಿದ. ಹೇಳಿದಂತೆ ನಡೆದರೆ ಕೆಲಸ ಕಾಯಂ ಅಂದರು ತರಬೇತಿ ನಡೆಸುವ ಇಂದುಮತಿ ಮೇಡಂ.

ಮೊದಲ ದಿನ ಅವರು ಹೇಳಿದ್ದು, ಯಾರ ಮನೆಗೂ ಕೇಳದೆ ಜನರನ್ನು ಕರೆದೊಯ್ಯಬಾರದು ಅಂತ. ಭರಮ್ಯಾ ಮೊದಲ ಹೊಸ್ತಿಲ ಮುಂದೆ ನಿಂತ. ಕೇಳಿದ, ಕಾದ. ಹನ್ನೆರಡು ಮಾಸ್ತರರು ಬಿಸಿಲಲ್ಲಿ ಒಂದು ತಾಸು ಕಾದರು.

ಮೇಡಂ ಬೈದರು. ಮೂರು ಸಲ ಕರಿ, ಯಾರೂ ಓಗೊಡದಿದ್ದರೆ ಮುಂದೆ ನಡಿ.

ಮರುದಿನ ಹಾಗೇ ಮಾಡಿದ. ಆರು ಹೊಸ್ತಿಲು ದಾಟಿದ. ಏಳನೆಯದರ ಮುಂದೆ ಎರಡು ಸಲ ಕರೆದು ನಿಂತುಬಿಟ್ಟ. ಯಾಕೆಂದು ಕೇಳಿದರೆ, "ಹೂಂ ಅಂದ್ರಲ್ರಿ," ಅಂದ.

ಮಾಸ್ತರರು ನಕ್ಕರು. ಮೇಡಂ ಮತ್ತೆ ಬೈದರು. ಕಿವಿಗೆ ಕೇಳಿದ್ದು ಬ್ಯಾಡ, ಈ ಕನ್ನಡಕದೊಳಗೆ ಕಂಡದ್ದಷ್ಟೇ ಹೇಳು.

ಅದು ಕಂಪ್ಯೂಟರಿನ ಕನ್ನಡಕ. ಹಾಕಿಕೊಂಡರೆ ಹಳೇ ಊರು ಎದ್ದು ನಿಲ್ಲುತ್ತಿತ್ತು. ಮೂರನೆಯ ದಿನ ಭರಮ್ಯಾ ಕಂಡದ್ದಷ್ಟೇ ಹೇಳಿದ: ಗೋಡೆ, ಬಾಗಿಲು, ಕೋಳಿ ಬುಟ್ಟಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಮುದುಕಿ.

ಕನ್ನಡಕದೊಳಗಿನ ಊರು ಮಾಡಿದ ಪೋರ್ಚುಗಲ್ಲಿನ ರೂಯ್ ಸಾಹೇಬ ನಗಲಿಲ್ಲ. ನಾವು ಮನೆಗಳನ್ನಷ್ಟೇ ಹಾಕಿದ್ದೇವೆ, ಮನುಷ್ಯರನ್ನು ಹಾಕಿಲ್ಲ ಅಂದ.

ನಿಂಬವ್ವ ಆ ದಿನ ಮಗನಿಗೆ ತಾನೇ ಬುದ್ಧಿ ಹೇಳಿದಳು. "ನೋಡಬ್ಯಾಡ, ಕೇಳಬ್ಯಾಡ. ಹನ್ನೆರಡು ಮಂದಿ ಕರ್ಕೊಂಡು ಹೋಗು, ಹನ್ನೆರಡು ಮಂದಿ ಕರ್ಕೊಂಡು ಬಾ. ಅಷ್ಟ ಸಾಕಪಾ."

ಕೊನೆಯ ದಿನ ಹನ್ನೆರಡು ಮಂದಿಯೊಡನೆ ಹೋದ. ಮಧ್ಯಾಹ್ನ ಬಂದ. ಮೇಡಂ ತಲೆ ಎಣಿಸಿದರು, ಹನ್ನೆರಡು. ಕೆಲಸ ಕಾಯಂ ಅಂದರು. ನಿಂಬವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಗ ಹಂಚಿನಾಳ ಮಾಸ್ತರ ಹಣೆಗೆ ಮುಲಾಮು ತಿಕ್ಕಿಕೊಳ್ಳುತ್ತ ಕೋಣೆಯಿಂದ ಹೊರಬಂದ. ತಲೆ ಸಿಡಿಯುತ್ತಿತ್ತಂತೆ, ಅರ್ಧ ದಾರಿಗೇ ಹಿಂದಿರುಗಿದ್ದನಂತೆ.

ಮೇಡಂ ಮತ್ತೆ ತಲೆ ಎಣಿಸಿದರು, ಹದಿಮೂರು. ಜಗಲಿಯ ಕೊನೆಯಲ್ಲಿ ಒಬ್ಬಳು ಮುದುಕಿ ಕೂತಿದ್ದಳು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಬ್ರು ಕಮ್ಮಿ ಬಿದ್ರು," ಅಂದ ಭರಮ್ಯಾ. "ಏಳನೇ ಮನಿ ಅಜ್ಜಿ ಬರ್ತೀನಿ ಅಂದ್ಳು."

ನಿಂಬವ್ವ ಬೈಯಲಿಲ್ಲ. ಮುದುಕಿಯ ಕಡೆ ನೋಡದೆ ಮೆಲ್ಲಗೆ ಹೇಳಿದಳು: "ಮಗಾ, ಹೆಚ್ಚಾದವರನ್ನ ಅಲ್ಲೇ ಬಿಟ್ಟು ಬಾ."

ಭರಮ್ಯಾ ಬೆರಳು ಮಡಿಚಿ ಎಣಿಸಿದ. ಹನ್ನೆರಡು ಮಾಸ್ತರರ ಹೆಸರು ಪಟ್ಟಿಯಲ್ಲಿತ್ತು. ಅಜ್ಜಿಯನ್ನು ಮೇಡಂ ಆಗಲೇ ಎಣಿಸಿದ್ದರು. ಯಾರೂ ಎಣಿಸದೆ ಉಳಿದವನು ತಾನೊಬ್ಬನೇ. ಅವನು ತಲೆಯಾಡಿಸಿ ದಿಬ್ಬ ಇಳಿದ.

ಎಲ್ಲರೂ ನೆಲ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕತ್ತೆತ್ತಿದರೆ ಮುದುಕಿ ಕೂತಲ್ಲೇ ಕೂತಿದ್ದಳು.

ನಿಂಬವ್ವ ಓಡಿದಳು. ಏಳನೆಯ ಹೊಸ್ತಿಲ ಹೊರಗೆ ಮಗನ ಚಪ್ಪಲಿಗಳು ಜೋಡಿಸಿಟ್ಟ ಹಾಗೆ ಇದ್ದವು. ಒಳಗೆ ಮನೆಯಿರಲಿಲ್ಲ, ಒಣಗಿ ಬಿರಿದ ಕೆಸರು, ಅದರಾಚೆ ನೀರು.

ಒಮ್ಮೆ ಕರೆದಳು. ಎರಡು ಸಲ ಕರೆದಳು. ಮೂರನೆಯ ಸಲ ಹೆಸರು ಬಾಯಿಗೆ ಬರಲಿಲ್ಲ. ಜೀವಮಾನವೆಲ್ಲ ಕೇಳಿದ್ದೇ ಬಂತು.

"ಉಂಡ್ಯೇನೋ?"

ಒಳಗಿನಿಂದ "ಹೂಂ" ಅಂತ ಕೇಳಿಸಿತು.