ನಾಲ್ಕು ಕುರಿ ತಿಂದು ಸೋಲುವ ಹುಲಿ

"ವಸ್ತಾದರೇ, ಎದುರಾಳಿಯೂ ನನ್ನ ಜೊತೆಗೇ ಕಲಿಯುತ್ತಾ ಹೋದರೆ, ನಾನು ಬೆಳೆದೆನೋ ಇಲ್ಲವೋ ಎಂದು ತಿಳಿಯುವುದು ಹೇಗೆ?" ಎಂದು ಮಾಳಿಂಗ ಕೇಳಿದ.

ಗರಡಿಯ ಕೆಮ್ಮಣ್ಣು ಇನ್ನೂ ವಸ್ತಾದ ದಾವಲಪ್ಪನವರ ಬೆನ್ನಿಗೆ ಅಂಟಿತ್ತು. ಮೂರು ದಿನದಿಂದ ಮಾಳಿಂಗನೇ ಅವರನ್ನು ಚಿತ್ ಮಾಡುತ್ತಿದ್ದ. ಬರುವ ಸೋಮವಾರ ಊರ ಜನರೆದುರು ಅವನ ಮೊದಲ ಜಂಗೀ ಕುಸ್ತಿ. ಈ ನಡುವೆ ಫೋನಿನ ಕುಸ್ತಿ ಆಟ ಅವನ ತಲೆ ಹೊಕ್ಕಿತ್ತು. ಅದರೊಳಗಿನ ಪೈಲ್ವಾನ ಅವನ ಪಟ್ಟುಗಳನ್ನು ನೋಡಿ ನೋಡಿ ಕಲಿಯುತ್ತಿದ್ದ, ದಿನದಿನಕ್ಕೆ ಬಿಗಿಯಾಗುತ್ತಿದ್ದ. ಆದರೂ ಕೊನೆಗೆ ಕೂದಲೆಳೆಯ ಅಂತರದಲ್ಲಿ ಮಾಳಿಂಗನೇ ಗೆಲ್ಲುತ್ತಿದ್ದ.

ದಾವಲಪ್ಪ ಮೀಸೆ ತಿರುವಿದರು. "ಫೋನು ನಿನ್ನೆ ಮೊನ್ನೆಯದು. ನಾನು ಅಕ್ಷರ ಕಲಿತವನಲ್ಲ, ಆದರೆ ಅಂಥದೇ ಒಂದು ಮರದ ಎದುರಾಳಿಯ ಮೂಗನ್ನು ಈ ಕೈಯಿಂದಲೇ ಹಿಂಡಿದ್ದೇನೆ. ಕೇಳು" ಎಂದರು.

ಒಬ್ಬ ಬಡಗಿ ಇದ್ದ. ಹೆಸರು ಹಿಡಿದು ಕರೆದರೆ ಅವನ ಉಳಿ ಚೀಲದಿಂದ ತಾನೇ ಎದ್ದು ಬರುತ್ತಿತ್ತು. ಅವನು ಹಲಸಿನ ಮರದಲ್ಲಿ ಒಂದು ಗೊಂಬೆ ಮಾಡಿ ಹುಲಿ-ಕುರಿ ಆಟಕ್ಕೆ ಕೂರಿಸಿದ. ಗೊಂಬೆಯದು ಹುಲಿ, ಎದುರಿನವರದು ಕುರಿ. ಐದು ಕುರಿ ತಿಂದರೆ ಹುಲಿ ಗೆದ್ದಂತೆ. ಹುಲಿಗಳ ದಾರಿ ಕಟ್ಟಿದರೆ ಕುರಿ ಗೆದ್ದಂತೆ.

ಒಬ್ಬ ಗೌಡ ದಿನವೂ ಅದರೆದುರು ಕೂತ. ಅವನು ಹೊಸ ನಡೆ ಕಲಿತರೆ ಮರುದಿನ ಗೊಂಬೆ ಅದಕ್ಕೆ ತಕ್ಕ ನಡೆ ನಡೆಸುತ್ತಿತ್ತು. ಪ್ರತಿ ಸಲವೂ ನಾಲ್ಕು ಕುರಿ ತಿನ್ನುತ್ತಿತ್ತು, ಐದನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸಿಕ್ಕಿಬೀಳುತ್ತಿತ್ತು. ಹೀಗೆ ಹನ್ನೆರಡು ವರ್ಷ. ಗೌಡ ಕೂತ ಕಲ್ಲು ಸವೆದು ಬಾಣಲೆಯಾಯಿತು.

ಆಮೇಲೆ ಅವನು ಪಕ್ಕದೂರಿಗೆ ಹೋಗಿ, ಸೋತರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಪಂಥ ಕಟ್ಟಿದ. ಕುರಿ ಕಾಯುವ ಒಬ್ಬ ಮುದುಕಿ ಹುಲಿ ಹಿಡಿದು ಕೂತಳು. ಎಲೆಯಡಿಕೆ ಜಗಿದು ಉಗಿಯುವಷ್ಟರಲ್ಲಿ ಐದು ಕುರಿ ತಿಂದಳು.

"ಕುರಿ ಕಾಯೋದು ಯಾರ ಹತ್ತಿರ ಕಲಿತೆಯಪ್ಪಾ, ಹುಲಿ ಹತ್ತಿರವಾ?" ಎಂದಳು.

ಗೌಡ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಸುತ್ತಿಕೊಂಡು ಬಡಗಿಯ ಬಾಗಿಲಿಗೆ ಬಂದ. "ನಿನ್ನ ಗೊಂಬೆ ನನಗೆ ಮೋಸ ಮಾಡಿತು" ಎಂದ.

"ಇಲ್ಲ ಗೌಡರೇ" ಎಂದ ಬಡಗಿ. "ಮೊದಮೊದಲು ಅದು ಎಲ್ಲರನ್ನೂ ಸೋಲಿಸುತ್ತಿತ್ತು. ಯಾರೂ ಎರಡನೇ ಸಲ ಕೂರಲಿಲ್ಲ. ಆಮೇಲೆ ಗೆಲ್ಲುವುದನ್ನು ಬಿಡಿಸಿ, ಎದುರಿಗೆ ಕೂತವರು ಏಳದಂತೆ ನೋಡಿಕೊಳ್ಳುವುದನ್ನು ಕಲಿಸಿದೆ. ಅದು ಆಟ ಕಲಿಯಲಿಲ್ಲ, ನಿಮ್ಮನ್ನು ಕಲಿಯಿತು."

ಕತೆ ಅಲ್ಲಿಗೆ ನಿಂತಿತು. ಮಾಳಿಂಗ ನಕ್ಕ. "ಪಾಪ, ಗೌಡ. ಹನ್ನೆರಡು ವರ್ಷದಲ್ಲಿ ಒಮ್ಮೆಯಾದರೂ ಅನುಮಾನ ಬರಬೇಡವೇ?"

ದಾವಲಪ್ಪ ಬೆನ್ನಿನ ಮಣ್ಣು ಕೊಡವಿಕೊಂಡು ಎದ್ದರು.

"ಮೂರು ದಿನವೂ ನನ್ನ ಎಡಗಾಲನ್ನು ನಾನೇ ಎತ್ತಿ ಕೊಟ್ಟೆ, ನಿನಗೆ ಒಮ್ಮೆಯಾದರೂ ಅನುಮಾನ ಬಂತೇ?"