ಕುದುರೆಯ ಬಾಯಿಪಾಠ

ಹಿರೇಗಡದ ಅರಮನೆಯಲ್ಲಿ ಕುದುರೆವೈದ್ಯನ ಹುದ್ದೆ ಖಾಲಿಯಾಯಿತು. ಪಶುವೈದ್ಯ ಪಾಠಶಾಲೆಯ ಗುರು ನರಹರಿ ಪಂಡಿತರು ಶಾಲು ಹೊದ್ದು, ಕಂಕುಳಲ್ಲಿ ಓಲೆಗರಿಯ ಕಟ್ಟು ಇಟ್ಟುಕೊಂಡು ಸಭೆಗೆ ಬಂದೇಬಿಟ್ಟರು.

"ಮಹಾಪ್ರಭು, ನನ್ನ ತಂಗಿಯ ಮಗ ಶ್ರೀಕಂಠನಿಗೆ ಅಶ್ವಶಾಸ್ತ್ರದ ಎಂಟುನೂರು ಶ್ಲೋಕ ಬಾಯಿಪಾಠ! ಬೇಕಾದರೆ ಹಿಂದಿನಿಂದಲೂ ಹೇಳುತ್ತಾನೆ."

"ಕುದುರೆ ವಿಷಯದಲ್ಲಿ ಹಿಂದಿನಿಂದ ಹೋಗೋದು ಒಳ್ಳೇದಲ್ಲ ಪಂಡಿತರೇ," ಎಂದ ವಿದೂಷಕ ಸಂಗಣ್ಣ.

ಸಭೆ ನಕ್ಕಿತು. ಸಂಗಣ್ಣನಿಗೆ ಮಾತ್ರ ನಗು ಬರಲಿಲ್ಲ. ಅದೇ ಪಾಠಶಾಲೆಯಲ್ಲಿ ಕುರುಬರ ಮಾಳಿಂಗನೂ ಇದ್ದ. ಏಳು ವರ್ಷದಿಂದ ಗೊರಸು ತೊಳೆದು, ಗಾಯ ಕಟ್ಟಿ ಕಲಿತವನು. ಅವನು ಮುಟ್ಟಿದರೆ ಒದೆಯುವ ಕುದುರೆಯೂ ಸುಮ್ಮನೆ ನಿಲ್ಲುತ್ತಿತ್ತು. ಆದರೆ ಪಾಪ, ಮಾತು ತೊದಲು. ಕೊನೆಯ ಪರೀಕ್ಷೆಯಲ್ಲಿ ಶ್ಲೋಕ ತಪ್ಪಿದವನು ಗಂಟುಮೂಟೆ ಕಟ್ಟಬೇಕು ಅನ್ನುವುದು ಪಂಡಿತರ ಕಟ್ಟಳೆ.

"ಹಾಗಾದರೆ ಬಾಯಿಪಾಠ ಬಂದವನಿಗೇ ಹುದ್ದೆ. ಸರಿ ತಾನೇ?" ಎಂದು ಕೇಳಿದ ಸಂಗಣ್ಣ.

"ಅದರಲ್ಲಿ ಅನುಮಾನವೇನಯ್ಯ? ಮಾತೆಂದರೆ ಮಾತು!"

"ಮಹಾಪ್ರಭುಗಳೂ ಕೇಳಿಸಿಕೊಂಡರು. ಇನ್ನು ಶ್ರೀಕಂಠನನ್ನೂ ಮಾಳಿಂಗನನ್ನೂ ಕರೆಸಿ, ಜೊತೆಗೆ ನಮ್ಮ ಪಂಚಕಲ್ಯಾಣಿ ಕುದುರೆಯನ್ನೂ ಕರೆಸಿ. ಮೂರು ದಿನದಿಂದ ಹುರುಳಿ ಮುಟ್ಟಿಲ್ಲ, ಶ್ಲೋಕವನ್ನಾದರೂ ಕೇಳಲಿ."

ರಾಜರ ಮುದ್ದಿನ ಕುದುರೆ ತಲೆ ಜೋಲು ಹಾಕಿಕೊಂಡು ಬಂತು. ಶ್ರೀಕಂಠ ಹತ್ತು ಹೆಜ್ಜೆ ದೂರ ನಿಂತು, ಕಣ್ಣು ಮುಚ್ಚಿ, ದಂತರೋಗದ ನಲವತ್ತು ಶ್ಲೋಕ ಗಡಗಡ ಒಪ್ಪಿಸಿದ. ಕುದುರೆ ತೂಕಡಿಸಿತು.

"ಈಗ ನೀನಪ್ಪ, ಮಾಳಿಂಗ," ಎಂದ ಸಂಗಣ್ಣ.

"ದ... ದಂ... ದಂ..." ಮಾಳಿಂಗನ ಮುಖ ಕೆಂಪಾಯಿತು. ಪಂಡಿತರು ಕಿಸಕ್ಕನೆ ನಕ್ಕರು.

ಅಷ್ಟರಲ್ಲಿ ಕುದುರೆಯ ಬಾಯಿಂದ ಜೊಲ್ಲು ಸುರಿಯಿತು. ಅದನ್ನು ಕಂಡದ್ದೇ ತಡ, ಮಾಳಿಂಗ ಶ್ಲೋಕ ಮರೆತ, ಸಭೆಯನ್ನೂ ಮರೆತ. ಹತ್ತಿರ ಹೋಗಿ ಕುತ್ತಿಗೆ ಸವರಿದ. ಎಡಗೈಯಲ್ಲಿ ನಾಲಿಗೆಯನ್ನು ಪಕ್ಕಕ್ಕೆ ಹಿಡಿದು, ಬಲಗೈ ಒಳಗಿಟ್ಟು, ದವಡೆ ಸಂದಿಯಿಂದ ಬೆರಳುದ್ದದ ಜಾಲಿಮುಳ್ಳು ಕಿತ್ತು ತೆಗೆದ!

ಕುದುರೆ ಕೆನೆಯಿತು. ರಾಜರು ಸಿಂಹಾಸನ ಬಿಟ್ಟು ಓಡಿ ಬಂದು ಅದರ ಮುಖ ನೇವರಿಸಿದರು.

"ಇದು ಅನ್ಯಾಯ!" ಪಂಡಿತರು ಓಲೆಗರಿ ಆಡಿಸುತ್ತ ಕೂಗಿದರು. "ಇವನು ಒಂದು ಶ್ಲೋಕವನ್ನೂ ಹೇಳಲಿಲ್ಲ. ಬಾಯಿಪಾಠ ಎಲ್ಲಿ ಬಂತು?"

"ಯಾರ ಬಾಯಿ ಅಂತ ನೀವು ಹೇಳಲಿಲ್ಲವಲ್ಲ ಪಂಡಿತರೇ!" ಎಂದ ಸಂಗಣ್ಣ. "ಶ್ರೀಕಂಠ ತನ್ನ ಬಾಯಿಯ ಪಾಠ ಒಪ್ಪಿಸಿದ. ಮಾಳಿಂಗ ಕುದುರೆಯ ಬಾಯಿಯ ಪಾಠ ಓದಿದ. ರೋಗ ಇದ್ದದ್ದು ಯಾರ ಬಾಯಲ್ಲಿ?"

ರಾಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುದ್ದೆ ಮಾಳಿಂಗನಿಗೆ, ಸಂಗಣ್ಣನಿಗೆ ಜರತಾರಿ ರುಮಾಲು. ಶ್ರೀಕಂಠ ಒಂದು ವರ್ಷ ಮಾಳಿಂಗನ ಕೈಕೆಳಗೆ ಗೊರಸು ತೊಳೆಯಬೇಕೆಂದೂ ಅಪ್ಪಣೆಯಾಯಿತು.

ಆಗಲೇ ಕರಕರ ಸದ್ದು. ಮೂರು ದಿನ ಉಪವಾಸವಿದ್ದ ಪಂಚಕಲ್ಯಾಣಿ ಪಂಡಿತರ ಕೈಯಲ್ಲಿದ್ದ ಓಲೆಗರಿಗೇ ಬಾಯಿ ಹಾಕಿತ್ತು.

"ಅಯ್ಯೋ, ನನ್ನ ಅಶ್ವಶಾಸ್ತ್ರ!"

"ಬಿಡಿ ಪಂಡಿತರೇ," ಎಂದ ಸಂಗಣ್ಣ. "ಇನ್ನು ಅದಕ್ಕೂ ಬಾಯಿಪಾಠ."